ಓದುಗರ ಪ್ರಶ್ನೆ: ನಮ್ಮಂಥ ಊರಿನ ಕಥೆ ಯಾರೂ ಬರೆದಿಲ್ವಾ?

ಪ್ರಶ್ನೆ: ನನಗೆ 23 ವರ್ಷ. ಮೂಡಿಗೆರೆ ಕಡೆಯವಳು, ಚಿಕ್ಕಮಗಳೂರಲ್ಲಿ ಕೆಲಸ. ನನಗೆ ಹುಡುಗಿಯರೇ ಇಷ್ಟ ಅಂತ ಪಿಯುಸಿಯಿಂದಲೇ ಗೊತ್ತು. ಸಲಿಂಗಿಗಳ ಕಥೆ ಅಂತ ಯಾವ ಪುಸ್ತಕ ತೆಗೆದರೂ ನ್ಯೂಯಾರ್ಕ್, ಲಂಡನ್, ಹೆಚ್ಚೆಂದರೆ ಮುಂಬೈ. ನಮ್ಮೂರಲ್ಲಿ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ನಾನು ಯಾರ ಜೊತೆ ಬಂದೆ ಅನ್ನೋದು ಅಮ್ಮನಿಗೆ ತಲುಪಿರುತ್ತೆ. ಇಂಥ ಊರಿನ ಕಥೆ ಯಾರೂ ಬರೆದಿಲ್ವಾ?
– ಹೆಸರು ಬೇಡ

ಬರೆದಿದ್ದಾರೆ. ನಿಮ್ಮ ಪತ್ರ ಓದಿದ ತಕ್ಷಣ ನನಗೆ ನೆನಪಾಗಿದ್ದು ಒಕೊಮೊ.

ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ಈಕ್ವಟೋರಿಯಲ್ ಗಿನಿ ಅಂತ ಪುಟ್ಟ ದೇಶ ಇದೆ. 1968ರವರೆಗೆ ಸ್ಪೇನ್ ಆಳಿದ್ದರಿಂದ ಅಲ್ಲಿನವರು ಸ್ಪ್ಯಾನಿಷ್‌ನಲ್ಲಿ ಬರೆಯುತ್ತಾರೆ. ಆ ದೇಶದ ತ್ರಿಫೋನಿಯಾ ಮೆಲಿಬೆಯಾ ಒಬೊನೊ 2016ರಲ್ಲಿ ‘ಲಾ ಬಸ್ತಾರ್ದಾ’ ಅನ್ನುವ ಕಾದಂಬರಿ ತಂದರು. ಒಕೊಮೊ ಅದರ ಹುಡುಗಿ, ಫಾಂಗ್ ಜನಾಂಗದವಳು. ಅಮ್ಮ ತೀರಿಕೊಂಡಿದ್ದಾಳೆ. ಅಪ್ಪ ತೆರ ಕೊಟ್ಟು ಅಮ್ಮನ ಕೈಹಿಡಿದಿರಲಿಲ್ಲ, ಅದಕ್ಕೇ ಊರಿನ ಲೆಕ್ಕದಲ್ಲಿ ಇವಳು ಅಪ್ಪನಿಲ್ಲದವಳು, ಪುಸ್ತಕದ ಹೆಸರೂ ಅದೇ ಬೈಗುಳ. ಅಜ್ಜ, ಅಜ್ಜಿ, ಅಜ್ಜನ ಇನ್ನೊಬ್ಬ ಹೆಂಡತಿ, ಸಾಲದ್ದಕ್ಕೆ ಇಡೀ ಊರು ಇವಳನ್ನು ಕಾಯುತ್ತೆ. ಇವಳನ್ನು ಮನುಷ್ಯಳ ಹಾಗೆ ಕಾಣುವವನು ಒಬ್ಬನೇ, ಊರವರು ದೂರ ಇಟ್ಟಿರುವ ಮಾರ್ಸೆಲೊ ಮಾವ.

ಅದರಲ್ಲಿ ಒಂದು ಕಡೆ ನಾನು ಪುಸ್ತಕ ಮಡಚಿಟ್ಟು ಸುಮ್ನೆ ಕೂತೆ. ಮಾರ್ಸೆಲೊನಂಥವನಿಗೆ ಫಾಂಗ್ ಭಾಷೆಯಲ್ಲಿ ಒಂದು ಪದ ಇದೆ, ಗಂಡು-ಹೆಣ್ಣು ಅನ್ನೋ ಅರ್ಥದ್ದು. ಹುಡುಗಿಯನ್ನು ಪ್ರೀತಿಸುವ ಹುಡುಗಿಗೆ ಮಾತ್ರ ಪದವೇ ಇಲ್ಲ. ನಮ್ಮಲ್ಲೂ ಹಾಗೇ ಅಲ್ವಾ? ಗಂಡುಬೀರಿ ಅಂತಾರೆ, ಆದರೆ ಅದು ಮರ ಹತ್ತುವವಳಿಗೆ, ಎದುರು ಮಾತಾಡುವವಳಿಗೆ. ನಿಮ್ಮಂಥವರಿಗೆ ನಮ್ಮ ಕಡೆ ಒಂದು ಬೈಗುಳ ಕೂಡ ಇಲ್ಲ. ಸಲಿಂಗಿ ಅನ್ನೋದು ಪೇಪರಿನಿಂದ ಬಂದ ಪದ, ನನ್ನ ಅಜ್ಜಿ ಅದನ್ನು ಕೇಳದೇ ಹೋದರು.

ಒಕೊಮೊ ಮತ್ತು ಅವಳ ಗೆಳತಿಯರು ಕಾಡಿಗೆ ಹೋಗುತ್ತಾರೆ. ನಗರದ ಕಥೆಯಲ್ಲಿ ಬಾಡಿಗೆ ರೂಮು ಮಾಡುವ ಕೆಲಸವನ್ನು ಇಲ್ಲಿ ಕಾಡು ಮಾಡುತ್ತೆ. ಕಾಡಂಚಿನ ತೋಟಗಳ ನಡುವೆ ಬೆಳೆದ ನಿಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಈ ಪುಸ್ತಕಕ್ಕೆ ಅವರ ದೇಶದಲ್ಲೇ ನಿಷೇಧ. 2018ರಲ್ಲಿ ಇಂಗ್ಲಿಷಿಗೆ ಬಂತು, ನೂರು ಚಿಲ್ಲರೆ ಪುಟ, ಒಂದು ಭಾನುವಾರಕ್ಕೆ ಮುಗಿಯುತ್ತೆ.

ಆಮೇಲೆ ನೈಜೀರಿಯಾದ ಚಿನೆಲೊ ಒಕ್ಪರಾಂಟಾ ಅವರ ‘ಅಂಡರ್ ದಿ ಉಡಾಲಾ ಟ್ರೀಸ್’ (2015) ಓದಿ. ಬಿಯಾಫ್ರಾ ಯುದ್ಧದ, ಅಂದರೆ ಆ ದೇಶದ ಅಂತರ್ಯುದ್ಧದ ಕಾಲದಲ್ಲಿ ಇಗ್ಬೊ ಜನಾಂಗದ ಹುಡುಗಿ, ಹೌಸಾ ಜನಾಂಗದ ಹುಡುಗಿ, ಇಬ್ಬರ ಪ್ರೀತಿ. ಮಗಳನ್ನು ಸರಿಮಾಡುತ್ತೇನೆ ಅಂತ ಬೈಬಲ್ ಹಿಡಿದು ಕೂರುವ ತಾಯಿ ಇದ್ದಾಳೆ. ಆ ಪುಟಗಳು ಕಷ್ಟ, ಒಬ್ಬರೇ ಇರುವ ರಾತ್ರಿ ಓದಬೇಡಿ.

ಕೊಳ್ಳೋಕೆ ಹಿಂಜರಿಕೆಯಾದರೆ ಮೊಬೈಲಿನಲ್ಲೇ ಓದಿ. ಸಲಿಂಗಿ ಗಂಡಸಿನ ಕಥೆಗಳಿರುವ ವಸುಧೇಂದ್ರರ ‘ಮೋಹನಸ್ವಾಮಿ’ಯನ್ನು ನಾನು ಮೊದಲ ಸಲ ಓದಿದ್ದು ಹಾಸನದಿಂದ ಸಕಲೇಶಪುರಕ್ಕೆ ಹೋಗುವ ಬಸ್ಸಿನಲ್ಲಿ, ರಟ್ಟಿಗೆ ನ್ಯೂಸ್‌ಪೇಪರ್ ಬೈಂಡ್ ಹಾಕಿಕೊಂಡು. ಪಕ್ಕದ ಸೀಟಿನವರು ಇಣುಕಿದಾಗಲೆಲ್ಲ ಪುಟದ ಮೇಲೆ ಅಂಗೈ ಇಡುತ್ತಿದ್ದೆ. ನಿಮ್ಮ ಭಯ ನನಗೆ ಗೊತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಹೇಳಿತು, ಆದರೆ ಆ ತೀರ್ಪು ನಿಮ್ಮೂರ ಬಸ್‌ಸ್ಟಾಪಿಗೆ ಇನ್ನೂ ಬಂದಿಲ್ಲ. ಮತ್ತೆ ಬರೆಯಿರಿ, ಖಂಡಿತ.

ಪ್ರಶ್ನೆ: ಇವೆಲ್ಲ ಹೊರಗಿನ ಸಂಸ್ಕೃತಿ. ಕನ್ನಡದ ಓದುಗರಿಗೆ ಯಾಕೆ ಬೇಕು?
– ಒಬ್ಬ ಮೇಷ್ಟ್ರು, ಅರಸೀಕೆರೆ

ಮೇಷ್ಟ್ರೇ, ‘ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು’ ಅಂತ ಶುರುವಾಗಿ, ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಅಂದವರು ನಮ್ಮ ಜೇಡರ ದಾಸಿಮಯ್ಯ. ಜೋಗತಿ ಮಂಜಮ್ಮ ತಮ್ಮ ಆತ್ಮಕಥೆಗೆ ‘ನಡುವೆ ಸುಳಿವ ಹೆಣ್ಣು’ ಅಂತ ಹೆಸರಿಟ್ಟಿದ್ದು ಆ ಸಾಲು ನೆನಪಿಸುತ್ತೆ. 2025ರಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಎಷ್ಟು ಹಿಗ್ಗಿದೆವು. ಇಲ್ಲಿನ ಮನೆಯೊಳಗಿನ ಮಾತು ಲಂಡನ್ನಿನವರಿಗೆ ತಟ್ಟಿತು. ಈಕ್ವಟೋರಿಯಲ್ ಗಿನಿಯ ಹಳ್ಳಿಯ ಮಾತು ಅರಸೀಕೆರೆಯವರಿಗೂ ತಟ್ಟಲಿ, ಒಮ್ಮೆ ಓದಿ ನೋಡಿ.

ಪ್ರಶ್ನೆ: ಡಿಗ್ರಿ ಓದುವ ಮಗನ ದಿಂಬಿನ ಕೆಳಗೆ ‘ಮೋಹನಸ್ವಾಮಿ’ ಸಿಕ್ಕಿತು. ಕೇಳಲಾ, ಬೇಡವಾ?
– ಒಬ್ಬ ತಾಯಿ, ಬೇಲೂರು

ಈಗಲೇ ಕೇಳಬೇಡಿ ಅಮ್ಮ. ಪುಸ್ತಕ ಓದಿದ ಮಾತ್ರಕ್ಕೆ ಏನೂ ತೀರ್ಮಾನ ಮಾಡೋಕಾಗಲ್ಲ. ಅವನು ಏನೇ ಆಗಿದ್ದರೂ ಅದನ್ನು ಹೇಳಬೇಕಾದವನು ಅವನೇ. ಸಿಕ್ಕ ಜಾಗದಲ್ಲೇ ಇಟ್ಟುಬಿಡಿ. ನೀವೇ ಒಂದು ಪ್ರತಿ ತರಿಸಿಕೊಳ್ಳಿ. ಸಂಜೆ ಜಗಲಿಯಲ್ಲಿ ಕೂತು ಓದಿ, ಬೈಂಡ್ ಹಾಕಬೇಡಿ, ರಟ್ಟು ಕಾಣಲಿ. ‘ಏನಮ್ಮಾ ಓದ್ತಿದ್ದೀಯ’ ಅಂತ ಕೇಳಿದರೆ ನಿಮಗೆ ಹಿಡಿಸಿದ ಒಂದು ಕಥೆಯ ಬಗ್ಗೆ ಹೇಳಿ. ಕೇಳದಿದ್ದರೆ ಪುಸ್ತಕವನ್ನು ಟೀವಿ ಪಕ್ಕ ಬಿಟ್ಟು ಅವನಿಗೆ ಕಾಫಿ ಮಾಡೋಕೆ ಎದ್ದು ಹೋಗಿ.