‘ಮಕ್ಕಳಾಯಿತಲ್ಲ, ಇನ್ನು ಗರ್ಭಕೋಶ ಯಾಕೆ?’

ಪ್ರಶ್ನೆ: ನನಗೆ 41 ವರ್ಷ. ಇಬ್ಬರು ಮಕ್ಕಳು, ಆಪರೇಷನ್ ಆಗಿದೆ. ಆರೇಳು ತಿಂಗಳಿಂದ ಮುಟ್ಟಿನಲ್ಲಿ ರಕ್ತ ವಿಪರೀತ ಹೋಗುತ್ತಿದೆ. ಸ್ಕ್ಯಾನ್‌ನಲ್ಲಿ 2 ಸೆಂ.ಮೀ. ಗಡ್ಡೆ ಇದೆಯಂತೆ. ಊರಿನ ನರ್ಸಿಂಗ್ ಹೋಮಿನವರು ‘ಗರ್ಭಕೋಶ, ಅಂಡಾಶಯ ಎರಡೂ ತೆಗೆಸಿಬಿಡಿ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ’ ಎಂದರು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮೂರು ತಿಂಗಳಿಗೆ ಮಾತ್ರೆ ಬರೆದುಕೊಟ್ಟರು. ‘ಮಕ್ಕಳಾಯಿತಲ್ಲ, ಇನ್ನು ಅದನ್ನಿಟ್ಟುಕೊಂಡು ಏನು ಮಾಡ್ತೀರಿ ಅತ್ತಿಗೆ’ ಅನ್ನುತ್ತಾಳೆ ನಾದಿನಿ. ಅವಳೂ ತೆಗೆಸಿದ್ದಾಳೆ. ಒಂದೇ ಕಾಯಿಲೆಗೆ ಎರಡು ಮಾತು ಯಾಕೆ? ಯಾರನ್ನು ನಂಬಲಿ?
– ಹೆಸರು ಬೇಡ, ಹಿರಿಯೂರು

ಉತ್ತರ: ಸದ್ಯಕ್ಕೆ ಮಾತ್ರೆ ಕೊಟ್ಟವರನ್ನು ನಂಬಿ ತಾಯಿ. ಗರ್ಭಕೋಶದಲ್ಲಿ ಬೆಳೆಯುವ ಇಂಥ ಫೈಬ್ರಾಯ್ಡ್ ಗಡ್ಡೆ ನಿಮ್ಮ ವಯಸ್ಸಿನಲ್ಲಿ ಬಹಳ ಹೆಂಗಸರಿಗೆ ಇರುತ್ತದೆ, ಅದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಆದರೆ ನಲವತ್ತು ದಾಟಿ ಹೀಗೆ ರಕ್ತ ಹೋದರೆ ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಇಬ್ಬರಲ್ಲಿ ಯಾರಾದರೂ ಕಳಿಸಿದರಾ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. ಕ್ಯಾನ್ಸರ್ ಭಯ ಹುಟ್ಟಿಸುವವರು ಮೊದಲು ಈ ಪರೀಕ್ಷೆ ಮಾಡಿಸಬೇಕಿತ್ತು. ಹಿಮೋಗ್ಲೋಬಿನ್, ಥೈರಾಯ್ಡ್ ಕೂಡ ನೋಡಿಸಿ.

ಎರಡು ಮಾತು ಯಾಕೆ ಅಂದಿರಿ. ಸೊಂಟದ ಮೂಳೆ ಮುರಿದರೆ ಎಲ್ಲ ಡಾಕ್ಟರೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ. ಗರ್ಭಕೋಶದ ವಿಷಯದಲ್ಲಿ ಹಾಗಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿ ಜಾನ್ ವೆನ್‌ಬರ್ಗ್ ಎಂಬ ವೈದ್ಯರು ಲೆಕ್ಕ ಹಾಕಿ 1982ರಲ್ಲಿ ಬರೆದರು: ಒಂದು ಊರಿನಲ್ಲಿ ಎಪ್ಪತ್ತು ವರ್ಷ ತುಂಬುವಷ್ಟರಲ್ಲಿ ನೂರಕ್ಕೆ 20 ಹೆಂಗಸರಿಗೆ ಗರ್ಭಕೋಶ ಇರುವುದಿಲ್ಲ, ಇನ್ನೊಂದು ಊರಿನಲ್ಲಿ 70 ಹೆಂಗಸರಿಗೆ. ಹೆಂಗಸರ ಕಾಯಿಲೆ ಬೇರೆಯಾಗಿರಲಿಲ್ಲ, ಆಯಾ ಊರಿನ ಸರ್ಜನ್‌ಗಳ ರೂಢಿ ಬೇರೆಯಾಗಿತ್ತು. ನಮ್ಮಲ್ಲಿ ರೂಢಿಯ ಜೊತೆಗೆ ದುಡ್ಡೂ ಸೇರಿಕೊಂಡಿದೆ. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಲ್ಲಿ ಬಡ ಹೆಂಗಸರ ಗರ್ಭಕೋಶವನ್ನು ಸುಮ್ಮಸುಮ್ಮನೆ ತೆಗೆದ ಸಂಗತಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಬೇಡದ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿ ಜಾರಿಗೆ ತನ್ನಿ ಎಂದು ಕೋರ್ಟು 2023ರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು.

ನಿಮ್ಮ ನಾದಿನಿಗೆ ಬೇಕಾಗಿತ್ತೋ ಏನೋ, ನಾನು ನೋಡಿಲ್ಲ. ಗರ್ಭಕೋಶ ತೆಗೆಯಲೇಬೇಕಾದ ಸಂದರ್ಭಗಳಿವೆ, ನಾನೂ ಎಷ್ಟೋ ತೆಗೆದಿದ್ದೇನೆ. ನನಗೆ ಸಿಟ್ಟು ಬರುವುದು ಅಂಡಾಶಯದ ಮಾತಿಗೆ. ‘ಹೇಗೂ ಹೊಟ್ಟೆ ಕೊಯ್ದಿದ್ದೇವೆ, ಅದನ್ನೂ ತೆಗೆದುಬಿಡೋಣ’ ಅನ್ನುತ್ತಾರೆ! 41ಕ್ಕೇ ಅದು ಹೋದರೆ ಮುಟ್ಟು ನಿಂತವರ ಕಷ್ಟವೆಲ್ಲ ಒಂದೇ ಸಲ ಬರುತ್ತದೆ. ಮೈಯೆಲ್ಲ ಬಿಸಿಯೇರುವುದು, ನಿದ್ದೆಗೇಡು, ಬರಬರುತ್ತಾ ಮೂಳೆ ಸವೆತ, ಹೃದಯದ ತೊಂದರೆ. ಅಂಡಾಶಯದಲ್ಲಿ ದೋಷವಿಲ್ಲದಿದ್ದರೆ, ವಂಶದಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಅದಕ್ಕೆ ಕೈಹಾಕಲು ಬಿಡಬೇಡಿ.

ಗಡ್ಡೆ ಎಲ್ಲಿದೆ ಎಂದು ಡಾಕ್ಟರನ್ನು ಕೇಳಿ. ಗರ್ಭಕೋಶದ ಒಳಗೋಡೆಯಿಂದ ಉಬ್ಬಿದ್ದರೆ, ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ದುರ್ಬೀನು ಹಾಕಿ ಅದೊಂದನ್ನೇ ತೆಗೆಯಬಹುದು. ಬಯಾಪ್ಸಿ ಸರಿಯಿದ್ದು ಮಾತ್ರೆಗೆ ಬಗ್ಗದಿದ್ದರೆ ಗರ್ಭಕೋಶದೊಳಗೆ ಹಾರ್ಮೋನ್ ಇರುವ ವಂಕಿ ಹಾಕಿಸಬಹುದು. ಅದು ಕನಿಷ್ಠ ಐದು ವರ್ಷ ಕೆಲಸ ಮಾಡುತ್ತದೆ. ಆಪರೇಷನ್ ಆದವರಿಗೆ ವಂಕಿ ಯಾಕೆ ಎಂದು ಮನೆಯಲ್ಲಿ ಕೇಳಿದರೆ, ರಕ್ತ ಕಡಿಮೆ ಮಾಡಲು ಎನ್ನಿ.

ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋದರೆ, ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ ಮೂರು ತಿಂಗಳು ಕಾಯಬೇಡಿ. ಆಗಲೇ ದೊಡ್ಡಾಸ್ಪತ್ರೆಗೆ ಹೊರಡಿ.