ಎಂ.ಕಾಂ. ಓದುತ್ತಾ 30 ಸಾವಿರ ಬಂಡವಾಳದಲ್ಲಿ ಮಂಗಳೂರಿನಲ್ಲಿ ಯಾವ ವ್ಯಾಪಾರ ಮಾಡಬಹುದು?

ಮೊದಲು ಆ 30 ಸಾವಿರ ಬ್ಯಾಂಕಿನಲ್ಲೇ ಇರಲಿ. ಗೆಳೆಯನ ಜೊತೆ ಜ್ಯೂಸ್ ಗಾಡಿ ಹಾಕುವುದಾ, ಫೆಸ್ಟ್‌ಗಳಿಗೆ ಟೀ ಶರ್ಟ್ ಮಾಡಿಸಿ ಮಾರುವುದಾ ಅಂತ ಕೇಳಿದ್ದೀರಿ, ಅದನ್ನು ಆಮೇಲೆ ನೋಡುವ. "ಓದಿಗೆ ತೊಂದರೆ ಆಗಬಾರದು" ಅಂತ ಕೊನೆಗೆ ಒಂದು ಸಾಲು ಸೇರಿಸಿದ್ದೀರಲ್ಲ, ಅದೇ ಸಾಲನ್ನು ನಾನೂ ಅಪ್ಪನ ಮುಂದೆ ಹೇಳಿದ್ದೆ. ಹೇಳಿ, ಒಂದು ಪೇಪರ್ ಬಾಕಿ ಉಳಿಸಿಕೊಂಡೆ.

ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ನನ್ನದು ಟೈಪಿಂಗ್ ವ್ಯಾಪಾರ. ಡಿಗ್ರಿ ರಜೆಯಲ್ಲಿ ಬಿ.ಸಿ. ರೋಡಿನ ಒಂದು ಡಿಟಿಪಿ ಅಂಗಡಿಯಲ್ಲಿ ಕೂತು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಲು ಕಲಿತಿದ್ದೆ. ಕೀಬೋರ್ಡ್ ನೋಡದೆ ಹೊಡೆಯುವಷ್ಟು ಕೈ ಕುದುರಿತ್ತು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಒಂದಿತ್ತು. ಸೀನಿಯರ್ ಅಕ್ಕ ಒಬ್ಬರು ಕೈಬರಹದ ಪ್ರಬಂಧ ತಂದು "ಎಷ್ಟು ತಗೊಳ್ತೀಯಾ?" ಅಂದರು. ತೊಕ್ಕೊಟ್ಟಿನ ಅಂಗಡಿಯಲ್ಲಿ ಪುಟಕ್ಕೆ 15 ರೂಪಾಯಿ ಇತ್ತು. ನಾನು 12 ಅಂದೆ. ಅವರು ಗೆಳತಿಯರಿಗೆ ಹೇಳಿದರು, ಆ ಗೆಳತಿಯರು ಬೇರೆ ವಿಭಾಗದವರಿಗೆ ಹೇಳಿದರು. ಬೋರ್ಡಿಲ್ಲ, ಬಾಡಿಗೆಯಿಲ್ಲ. ಹಾಸ್ಟೆಲ್ ಮೇಜೇ ಅಂಗಡಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರಿಸಬೇಡಿ. ಎಂ.ಕಾಂ.ನವರು ನೀವು, ಕಾಸ್ಟಿಂಗ್ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೂ ಕೇಳಿ.

ನಾನು ದರ ಹೇಳಿದ್ದು ಪುಟಕ್ಕೆ. ಯಾವ ಪುಟಕ್ಕೆ? ಅದನ್ನು ಹೇಳಲೇ ಇಲ್ಲ. ಅವರು ಬರೆದು ತಂದ ಪುಟವಾ, ನಾನು ಟೈಪ್ ಮಾಡಿದ ಪುಟವಾ, ಕೊನೆಗೆ ಬೈಂಡ್ ಆಗುವ ಪುಟವಾ? ಎಲ್ಲರೂ ಕೊನೆಯದನ್ನೇ ಹಿಡಿದರು. ಅವರದೇನೂ ತಪ್ಪಿಲ್ಲ, ಕೈಗೆ ಬಂದ ಪುಸ್ತಕದ ಕೊನೆಯ ಪುಟದ ನಂಬರ್ ನೋಡಿ ಗುಣಿಸಿ ದುಡ್ಡು ಕೊಟ್ಟರು. ಆದರೆ ಪ್ರಬಂಧ ಒಂದೇ ಸಲಕ್ಕೆ ಮುಗಿಯುವ ವಸ್ತುವಲ್ಲ. ಮೊದಲ ಪ್ರಿಂಟ್ ಗೈಡ್ ಹತ್ತಿರ ಹೋಗುತ್ತದೆ, ಕೆಂಪು ಶಾಯಿ ಬಳಿದುಕೊಂಡು ವಾಪಸ್ ಬರುತ್ತದೆ. ಮೂರನೇ ಅಧ್ಯಾಯ ಎರಡನೆಯದಾಗಬೇಕು. ಅಡಿಟಿಪ್ಪಣಿಗಳೆಲ್ಲ ಅಧ್ಯಾಯದ ಕೊನೆಗೆ ಹೋಗಬೇಕು. ಈ 20 ಪುಟ ಬೇಡವೇ ಬೇಡ. ಆ 20 ಪುಟ ನಾನು ಹೊಡೆದದ್ದೇ. ಅಳಿಸಿದ ಮೇಲೆ ಅದರ ದುಡ್ಡೂ ಅಳಿಸಿ ಹೋಯಿತು.

ಇನ್ನೂ ಚಂದದ್ದು ಒಂದಿದೆ. ಒಬ್ಬರ ಪ್ರಬಂಧ 16 ಪಾಯಿಂಟ್ ಅಕ್ಷರದಲ್ಲಿ 110 ಪುಟ ಬಂದಿತ್ತು. 1,320 ರೂಪಾಯಿ ಅಂತ ಮನಸ್ಸಿನಲ್ಲೇ ಜಮಾ ಮಾಡಿಕೊಂಡಿದ್ದೆ. ಗೈಡ್ "ಅಕ್ಷರ ದೊಡ್ಡದಾಯಿತು, 14 ಮಾಡಿಸಿ" ಅಂದರಂತೆ. ಮಾಡಿದೆ. 84 ಪುಟಕ್ಕೆ ಇಳಿಯಿತು. ಒಂದು ಪದ ಕಡಿಮೆಯಾಗಿಲ್ಲ, ಬಿಲ್ 1,008 ಆಯಿತು. ಆಮೇಲೆ, ಕೆಳಗೆ ಜಾರಿದ ಶೀರ್ಷಿಕೆ, ಅರ್ಧಕ್ಕೆ ತುಂಡಾದ ಕೋಷ್ಟಕ ಎಲ್ಲ ಸರಿಮಾಡಲು ಒಂದು ರಾತ್ರಿ ಹೋಯಿತು. ಅಂದರೆ 312 ರೂಪಾಯಿ ಕಳೆದುಕೊಳ್ಳಲು ನಾನೇ ನಿದ್ದೆಗೆಟ್ಟು ಕೆಲಸ ಮಾಡಿದ್ದೆ.

ತಿದ್ದುಪಡಿಗೆ ಬೇರೆ ದುಡ್ಡು ಅಂತ ಹೇಳಲು ನಾಚಿಕೆ. ದಿನಾ ಮೆಸ್ಸಿನಲ್ಲಿ ಎದುರು ಕೂರುವವರು. "ಎರಡೇ ಅಕ್ಷರ ಮಾರಾಯ" ಅಂತ ಬರುತ್ತಿದ್ದರು. ಎರಡಕ್ಷರಕ್ಕೆ ಫೈಲ್ ತೆರೆದರೆ ಹತ್ತು ಸಿಗುತ್ತಿತ್ತು. ಹಸ್ತಪ್ರತಿಯ ಪುಟ ಎಣಿಸಿ, ಅದಕ್ಕೆ ದರ ಕಟ್ಟಿ, ಒಂದು ಸುತ್ತಿನ ತಿದ್ದುಪಡಿ ಅದರಲ್ಲೇ ಸೇರಿದೆ, ಎರಡನೇ ಸುತ್ತಿನಿಂದ ಗಂಟೆ ಲೆಕ್ಕ ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಸಾಕಿತ್ತು. ಅರ್ಧ ದುಡ್ಡು ಮುಂಗಡ. ಇಷ್ಟೇ. ಈ ನಾಲ್ಕು ಸಾಲು ಬರೆಯದ್ದಕ್ಕೆ ನನ್ನ ಆ ಸೆಮಿಸ್ಟರ್ ಹೋಯಿತು.

ಹೇಗೆ ಹೋಯಿತು ಅಂದರೆ, ಎಲ್ಲರ ಸಬ್ಮಿಷನ್ ಒಂದೇ ವಾರ. ಅದು ನಾಲ್ಕನೇ ಸೆಮಿಸ್ಟರ್‌ನವರ ಕೊನೆಯ ವಾರ, ಅಂದರೆ ಎರಡನೇ ಸೆಮಿಸ್ಟರ್‌ನ ನನಗೆ ಪರೀಕ್ಷೆಯ ಮುಂಚಿನ ವಾರ. ಪುಕ್ಕಟೆ ತಿದ್ದುಪಡಿಗಳು ವರ್ಷವಿಡೀ ಹಂಚಿ ಬರುವುದಿಲ್ಲ, ಆ ವಾರಕ್ಕೇ ಕಾದು ಕೂತಿರುತ್ತವೆ. "ನಾಡಿದ್ದು ಕೊಡ್ಲಿಕ್ಕೆ ಉಂಟು, ಇವತ್ತೇ ಆಗ್ಬೇಕು" ಅಂತ ಬಾಗಿಲು ಬಡಿಯುತ್ತಿದ್ದರು. ಅದೇ ಹೊತ್ತಿಗೆ ಒಂದು ಪ್ರಿಂಟ್ ಅಂಗಡಿಯಲ್ಲಿ ನನ್ನ ಫೈಲ್ ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ನುಡಿಯ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತವೆ. ಆ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೆ ಹೀಗೇ. ಪಿಡಿಎಫ್ ಮಾಡಿ ಒಯ್ಯಬೇಕಿತ್ತು. ಪರೀಕ್ಷೆಯಲ್ಲಿ ಒಂದು ಪೇಪರ್ ಬಿತ್ತು. ಅದನ್ನು ಮತ್ತೆ ಬರೆಯಲು ಮುಂದಿನ ವರ್ಷದ ಅದೇ ಸೆಮಿಸ್ಟರ್‌ವರೆಗೆ ಕಾದೆ.

ಹಾಗಾಗಿ "ಓದಿಗೆ ತೊಂದರೆಯಾಗದ ವ್ಯಾಪಾರ ಯಾವುದು" ಎಂಬ ಪ್ರಶ್ನೆಯೇ ನನಗೆ ಹಿಡಿಸುವುದಿಲ್ಲ. ತೊಂದರೆ ಆಗಿಯೇ ಆಗುತ್ತದೆ. ಯಾವ ತಿಂಗಳಲ್ಲಿ ಆಗುತ್ತದೆ ಅಂತ ನೋಡಿ. ಗಿರಾಕಿಗಳು ವಿದ್ಯಾರ್ಥಿಗಳೇ ಆದರೆ ಅವರ ಗಡಿಬಿಡಿ ಮತ್ತು ನಿಮ್ಮ ಗಡಿಬಿಡಿ ಒಟ್ಟಿಗೇ ಬರುತ್ತದೆ. ಇದನ್ನು ಯಾವ ಯೂಟ್ಯೂಬ್ ವಿಡಿಯೊದವನೂ ಹೇಳುವುದಿಲ್ಲ.

ನನ್ನ ಜೊತೆಗೇ ಓದುತ್ತಿದ್ದ ಬೆಳ್ತಂಗಡಿ ಕಡೆಯ ಹುಡುಗಿಯೊಬ್ಬಳು ಹಲಸಿನ ಹಪ್ಪಳ ಮಾರುತ್ತಿದ್ದಳು. ನಾವು ನಗುತ್ತಿದ್ದೆವು. ಅವಳ ಲೆಕ್ಕ ನೋಡಿ: ಹಲಸು ಬಲಿಯುವುದು ಬೇಸಿಗೆಯಲ್ಲಿ. ರಜೆಗೆ ಊರಿಗೆ ಹೋದಾಗ ಅಮ್ಮ, ಅಜ್ಜಿ, ಅತ್ತಿಗೆ ಎಲ್ಲ ಸೇರಿ ಒತ್ತಿ, ಮಳೆ ಹಿಡಿಯುವ ಮೊದಲೇ ಅಂಗಳದಲ್ಲಿ ಒಣಗಿಸಿ ಡಬ್ಬಿಗೆ ತುಂಬಿಸುತ್ತಿದ್ದರು. ಜೂನ್, ಜುಲೈನಲ್ಲಿ ಹೊರಗೆ ಜಡಿಮಳೆ, ಗಂಜಿಗೆ ಹಪ್ಪಳ ಬೇಕೇ ಬೇಕು, ಆಗ ಮಾರಾಟ. ಕೊಳ್ಳುವವರು ಹಾಸ್ಟೆಲ್ ಹುಡುಗರಲ್ಲ, ಮನೆ ನಡೆಸುವ ಲೆಕ್ಚರರ್‌ಗಳು, ಆಫೀಸಿನವರು. ಪರೀಕ್ಷೆ ಬರುವ ಹೊತ್ತಿಗೆ ಡಬ್ಬಿ ಖಾಲಿ. ಆಹಾರ ಸುರಕ್ಷತೆಯ (ಎಫ್‌ಎಸ್‌ಎಸ್‌ಎಐ) ನೋಂದಣಿಯನ್ನೂ ಮಾಡಿಸಿದ್ದಳು. ವರ್ಷಕ್ಕೆ 12 ಲಕ್ಷದೊಳಗಿನ ಮಾರಾಟಕ್ಕೆ ಆಗ ಶುಲ್ಕ 100 ರೂಪಾಯಿ. ನಮ್ಮಲ್ಲಿ ನಿಜವಾದ ವ್ಯಾಪಾರಸ್ಥೆ ಅವಳೇ.

ನಿಮ್ಮ ಜ್ಯೂಸ್ ಗಾಡಿ ನನಗೆ ಬೇಡವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ಕಲ್ಲಂಗಡಿ ಜ್ಯೂಸ್ ಯಾರು ಕುಡಿಯುತ್ತಾರೆ? ಜ್ಯೂಸ್ ಓಡುವ ಏಪ್ರಿಲ್, ಮೇನಲ್ಲಿ ನೀವು ಪುಸ್ತಕದ ಮುಂದಿರಬೇಕು, ಇಲ್ಲ ಕಾಲೇಜಿಗೇ ರಜೆ. ಮೇಲಿಂದ ರಸ್ತೆ ಬದಿಯಲ್ಲಿ ಮಾರಲು 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ವ್ಯಾಪಾರದ ಪ್ರಮಾಣಪತ್ರ ಬೇಕು. ಸುಮ್ನೆ ಹೋಗಿ ಗಾಡಿ ನಿಲ್ಲಿಸುವುದಲ್ಲ.

ಟೀ ಶರ್ಟ್ ಪರವಾಗಿಲ್ಲ, ಒಂದು ಷರತ್ತಿನ ಮೇಲೆ. ಪೂರ್ತಿ ದುಡ್ಡು ಕೈಗೆ ಬಂದ ಮೇಲೇ ಅಂಗಿ ತಯಾರಾಗುವ ತಿರುಪ್ಪೂರಿಗೆ ಆರ್ಡರ್. ಗ್ರೂಪಿನಲ್ಲಿ ಹೆಬ್ಬೆರಳು ಒತ್ತಿದವರನ್ನು ಗಿರಾಕಿ ಅಂತ ಎಣಿಸಬೇಡಿ. ಫೆಸ್ಟಿನ ಹೆಸರು, ಇಸವಿ ಪ್ರಿಂಟ್ ಆದ ಅಂಗಿ ಮರುದಿನ ನೆಲ ಒರೆಸಲಿಕ್ಕೇ ಲಾಯಕ್ಕು. ಜಿಎಸ್‌ಟಿ ಬಗ್ಗೆ ಹೆದರಿದ್ದೀರಿ. ರಾಜ್ಯದೊಳಗೇ ಮಾರುವಾಗ ಸಾಮಾನ್ಯವಾಗಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟುವವರೆಗೆ ನೋಂದಣಿ ಬೇಡ. ಅಷ್ಟು ದುಡಿದರೆ ನಮಗೊಂದು ಪಾರ್ಟಿ ಕೊಡಿ.

ನನ್ನ ಹಳೆಯ ಕೆಲಸವನ್ನು ಈಗ ಹಿಡಿಯಬೇಡಿ. ಮೊಬೈಲಿಗೆ ಹೇಳಿದರೆ ಅದೇ ಕನ್ನಡದಲ್ಲಿ ಬರೆದುಕೊಡುತ್ತದೆ, ಟೈಪಿಂಗಿಗೆ ಬೆಲೆ ಇಲ್ಲ. "ಟೈಪ್ ಅಲ್ಲ, ನೀನೇ ಬರೆದುಕೊಡು, ಪುಟಕ್ಕೆ ನೂರು ಕೊಡ್ತೇನೆ" ಅನ್ನುವವರು ಆಗಲೂ ಇದ್ದರು, ಈಗ ಇನ್ನೂ ಜಾಸ್ತಿ. ಆ ದುಡ್ಡು ಮುಟ್ಟಬೇಡಿ. ಇದರಲ್ಲಿ ನನ್ನದು ಚರ್ಚೆಯೇ ಇಲ್ಲ.

ನೀವು ಎಂ.ಕಾಂ. ಓದುತ್ತಿದ್ದೀರಿ ಅಂದ ಮೇಲೆ ಇಷ್ಟೆಲ್ಲ ಹುಡುಕಾಟ ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಟ್ಯೂಷನ್ ಹೇಳಿಕೊಡಿ. 2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಈ ಊರಿನ ಅಪ್ಪ ಅಮ್ಮಂದಿರು ಬೇರೆ ಯಾವುದಕ್ಕೆ ಚೌಕಾಸಿ ಮಾಡಿದರೂ ಮಕ್ಕಳ ಮಾರ್ಕಿಗೆ ಮಾಡುವುದಿಲ್ಲ. ಆ ಮಕ್ಕಳ ವಾರ್ಷಿಕ ಪರೀಕ್ಷೆ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ, ನಿಮ್ಮ ಸೆಮಿಸ್ಟರ್ ಪರೀಕ್ಷೆ ಅದಾದ ಮೇಲೆ. ನಿಮ್ಮ ವಿಭಾಗದ ವೇಳಾಪಟ್ಟಿ ಒಮ್ಮೆ ಪಕ್ಕದಲ್ಲಿಟ್ಟು ನೋಡಿ. ಬಂಡವಾಳ ಅಂದರೆ ಒಂದು ವೈಟ್ ಬೋರ್ಡು, ಎರಡು ಪೆನ್ನು. ಕೋಣೆ ಬಾಡಿಗೆಗೆ ಹಿಡಿಯಬೇಡಿ, ಒಬ್ಬ ಹುಡುಗನ ಮನೆಯ ಚಾವಡಿಯಲ್ಲೇ ನಾಲ್ಕೈದು ಜನರನ್ನು ಕೂರಿಸಿ. ಫೀಸು ತಿಂಗಳ ಮೊದಲ ವಾರವೇ, ಪಾಠ ವಾರಕ್ಕೆ ಎಷ್ಟು ಗಂಟೆ, ತಪ್ಪಿಸಿಕೊಂಡ ಪಾಠ ಮತ್ತೆ ಹೇಳುತ್ತೀರೋ ಇಲ್ಲವೋ, ಇವೆಲ್ಲ ಬರೆದು ಪೋಷಕರ ಕೈಗೆ ಕೊಡಿ. ಪರೀಕ್ಷೆಯ ಹಿಂದಿನ ರಾತ್ರಿ "ಒಂದೇ ಡೌಟ್ ಸರ್" ಅಂತ ಫೋನ್ ಬಂದೇ ಬರುತ್ತದೆ. ಅದಕ್ಕೂ ಒಂದು ಸಮಯ ಆ ಕಾಗದದಲ್ಲೇ ಇರಲಿ. ಪಾರ್ಟ್ನರ್ ಬೇಕು ಅಂತಿದ್ದರೆ ಗೆಳೆಯ ಬಿಸಿನೆಸ್ ಸ್ಟಡೀಸ್ ಹೇಳಿಕೊಡಲಿ, ಅವನ ಫೀಸು ಅವನ ಖಾತೆಗೆ, ನಿಮ್ಮದು ನಿಮ್ಮ ಖಾತೆಗೆ.