ಹಳ್ಳಿಯ ಮತದಾರರಿಗೂ ನಗರದ ಉದಾರವಾದಿಗಳಿಗೂ ರಾಜಕೀಯದಲ್ಲಿ ಯಾಕೆ ತಾಳೆಯಾಗಲ್ಲ?

ಸಿದ್ಧಾಂತಕ್ಕಿಂತ ಜಾಸ್ತಿ, ಸರ್ಕಾರ ಯಾರಿಗೆ ಎಷ್ಟು ಬೇಕು ಅನ್ನೋದೇ ಕಾರಣ. ನಗರದ ಓದಿದವರು ನೀರು, ಶಾಲೆ, ಆಸ್ಪತ್ರೆಯನ್ನು ದುಡ್ಡು ಕೊಟ್ಟು ಪಡೆಯಬಲ್ಲರು, ಹಾಗಾಗಿ ಅವರಿಗೆ ಮತ ಅಂದರೆ ವಾಕ್ ಸ್ವಾತಂತ್ರ್ಯ, ಜಾತ್ಯತೀತತೆಯಂಥ ಮೌಲ್ಯಗಳ ಪ್ರಶ್ನೆ. ನಮ್ಮ ರಾಯಚೂರು ಕಡೆ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆ 220 ಕಿ.ಮೀ.ಗೂ ಉದ್ದ. ಕಾಲುವೆಯ ಮೇಲ್ಭಾಗದ ರೈತರು ಭತ್ತಕ್ಕೆ ನೀರು ಎಳೆದುಕೊಂಡರೆ ಮಾನ್ವಿ ಕಡೆಯ ಕೊನೆ ಭಾಗದ ಹೊಲ ಒಣಗುತ್ತದೆ. ಆಗ ಎಂಜಿನಿಯರಿಗೆ ಫೋನ್ ಮಾಡಿ ನೀರು ಬಿಡಿಸುವ ಶಾಸಕ ಬೇಕು, ಅವನ ಪಕ್ಷ ಯಾವುದು, ಭಾಷಣ ಎಂಥದ್ದು ಅನ್ನೋದು ಆಮೇಲಿನ ಮಾತು. ನಗರದವರು ಇದನ್ನು ‘ಸುಮ್ನೆ ಜಾತಿ ನೋಡಿ ಹಾಕಿದರು’ ಅನ್ನುತ್ತಾರೆ. ಜಾತಿ ಇಲ್ಲ ಅಂತ ನಾನೂ ಹೇಳಲ್ಲ. ಆದರೆ ನಮ್ಮವನಾದರೆ ಫೋನ್ ಎತ್ತುತ್ತಾನೆ ಅನ್ನೋ ಲೆಕ್ಕವೂ ಅದರೊಳಗೇ ಇದೆ, ಅಲ್ವಾ?